ಭಯಾನಕ ರಸದ ಕಾದಂಬರಿಕಾರ

ನಮ್ಮ ಆಲಂಕಾರಿಕರು ಭಯಾನಕವನ್ನು ನವರಸಗಳಲ್ಲಿ ಒಂದಾಗಿ ಎಣಿಸಿದ್ದಾರೆ. ಬೇತಾಳನ ಕಥೆ ಕೇಳುವ ಮಗು ಹೆದರಿ ಅಜ್ಜಿಯ ಸೆರಗನ್ನು ಹಿಡಿದುಕೊಳ್ಳುತ್ತದೆಯೇ ಹೊರತು ಎದ್ದು ಹೋಗುವುದಿಲ್ಲ, ಮುಂದೇನಾಯಿತೆಂದು ಕೇಳುತ್ತದೆ. ಹೀಗಿದ್ದರೂ ಭಯದ ಕಥೆಗಳನ್ನು ಅಗ್ಗದ ಸರಕೆಂದು ವಿದ್ವಾಂಸರು ಬದಿಗಿಡುವುದುಂಟು. ರಾತ್ರಿಯ ಹೊತ್ತಿನಲ್ಲಿ ಒಂದಿಷ್ಟು ಪಿಶಾಚಿಗಳನ್ನು ಕುಣಿಸಿದರೆ ಅಂಥ ಕಥೆ ಸಿದ್ಧವಾಗುತ್ತದೆಂಬುದು ಅವರ ಎಣಿಕೆ. ‘ಡ್ರಾಕುಲಾ’ ಎಂಬ ಜಗತ್ಪ್ರಸಿದ್ಧ ಕಾದಂಬರಿಯನ್ನು ಬರೆದ ಬ್ರಾಮ್ ಸ್ಟೋಕರನ ಬಾಳನ್ನು ಅರಿತವರು ಹಾಗೆ ಹೇಳಲು ಹಿಂಜರಿಯುತ್ತಾರೆ.

ಸ್ಟೋಕರನು 1847ರ ನವೆಂಬರ್ 8ರಂದು ಐರ್ಲೆಂಡಿನ ಡಬ್ಲಿನ್ ನಗರದ ಬಳಿಯ ಕ್ಲಾನ್‌ಟಾರ್ಫ್‌ನಲ್ಲಿ ಜನಿಸಿದನು. ಆಲೂಗೆಡ್ಡೆಯ ಬೆಳೆ ಕೊಳೆತು ದೇಶವೆಲ್ಲ ಘೋರ ಕ್ಷಾಮಕ್ಕೆ ತುತ್ತಾಗಿದ್ದ ಕಾಲವದು. ತಂದೆ ಅಬ್ರಹಾಮ್ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಮಕ್ಕಳು ಏಳು ಮಂದಿ. ಮೂರನೆಯವನಾದ ಬ್ರಾಮ್ ಏಳು ವರ್ಷ ತುಂಬುವವರೆಗೂ ನೆಟ್ಟಗೆ ನಿಲ್ಲಲಾರದೆ ಹಾಸಿಗೆ ಹಿಡಿದಿದ್ದನು. ಹಾಸಿಗೆಯ ಬಳಿ ಕುಳಿತು ತಾಯಿ ಷಾರ್ಲಟ್ ಅವನಿಗೆ ಕಥೆಗಳನ್ನು ಹೇಳುತ್ತಿದ್ದಳು. ಅವುಗಳಲ್ಲಿ ದೆವ್ವದ ಕಥೆಗಳಿಗಿಂತ ಭಯಂಕರವಾದದ್ದು ಅವಳೇ ಕಂಡುಂಡ ಸಂಗತಿ. 1832ರಲ್ಲಿ ಆಕೆ ಬಾಲಕಿಯಾಗಿದ್ದಾಗ ಸ್ಲೈಗೊ ಪಟ್ಟಣಕ್ಕೆ ಕಾಲರಾ ಮಾರಿ ನುಗ್ಗಿತ್ತು. ಬೀದಿಯಲ್ಲಿ ಬಿದ್ದ ರೋಗಿಗಳನ್ನು ಸೋಂಕಿನ ಅಂಜಿಕೆಯಿಂದ ಜನ ಗಳುಗಳಿಂದ ನೂಕಿ, ಇನ್ನೂ ಉಸಿರಿರುವಾಗಲೇ ಗುಂಡಿಗೆ ತಳ್ಳಿದ ಕಥೆಯನ್ನು ಮಗ ತಾಯಿಯ ಬಾಯಿಂದ ಕೇಳಿದನು. ದೊಡ್ಡವನಾದ ಮೇಲೆ ಅದನ್ನು ಬರೆದುಕೊಡುವಂತೆ ಕೇಳಿಕೊಂಡು ಆ ಬರಹವನ್ನು ಪಡೆದನು.

ಮುಂದೆ ರೋಗ ಹೇಗೆ ಬಂದಿತ್ತೋ ಹಾಗೆಯೇ ಹೋಯಿತು. ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿ ಓದುವ ಹೊತ್ತಿಗೆ ಆತನು ಎತ್ತರದ ಆಳಾಗಿ, ಆಟಗಳಲ್ಲಿ ಮುಂದಾಳಾಗಿದ್ದನು. ಆದರೆ ಹೊಟ್ಟೆಪಾಡಿಗೆ ತಂದೆಯ ದಾರಿಯನ್ನೇ ಹಿಡಿಯಬೇಕಾಯಿತು. ಸಣ್ಣ ನ್ಯಾಯಾಲಯಗಳ ಗುಮಾಸ್ತರು ಯಾವ ಕಾಗದವನ್ನು ಹೇಗೆ ಬರೆದಿಡಬೇಕೆಂಬುದನ್ನು ವಿವರಿಸುವ ಗ್ರಂಥವೊಂದನ್ನು ಆತನು ರಚಿಸಿದನು. 1879ರಲ್ಲಿ ಪ್ರಕಟವಾದ ಈ ನೀರಸ ಗ್ರಂಥವನ್ನು ಇಂದು ಯಾರೂ ಓದುವುದಿಲ್ಲ. ಆದರೂ ‘ಡ್ರಾಕುಲಾ’ದ ತಾಯಿಬೇರುಗಳಲ್ಲಿ ಇದೂ ಒಂದೆಂದು ನನಗೆ ತೋರುತ್ತದೆ.

ಕಚೇರಿಯ ಕೆಲಸ ಮುಗಿದ ಮೇಲೆ ಸ್ಟೋಕರನು ಸಂಬಳವಿಲ್ಲದೆ ಪತ್ರಿಕೆಯೊಂದಕ್ಕೆ ನಾಟಕ ವಿಮರ್ಶೆ ಬರೆಯುತ್ತಿದ್ದನು. 1876ರಲ್ಲಿ ಹೆಸರಾಂತ ನಟ ಹೆನ್ರಿ ಇರ್ವಿಂಗನ ‘ಹ್ಯಾಮ್ಲೆಟ್’ ಅಭಿನಯವನ್ನು ಕುರಿತು ಬರೆದದ್ದು ಆ ನಟನ ಕಣ್ಣಿಗೆ ಬಿತ್ತು, ಇಬ್ಬರೂ ಸ್ನೇಹಿತರಾದರು. 1878ರಲ್ಲಿ ಇರ್ವಿಂಗನು ಲಂಡನ್ನಿನ ಲೈಸಿಯಮ್ ನಾಟಕಶಾಲೆಯನ್ನು ವಹಿಸಿಕೊಂಡಾಗ ಸ್ಟೋಕರನನ್ನು ವ್ಯವಸ್ಥಾಪಕನಾಗಿ ಕರೆದನು. ಕಾಯಂ ನೌಕರಿಯನ್ನು ಬಿಟ್ಟು, ಹೊಸದಾಗಿ ಕೈಹಿಡಿದ ಪತ್ನಿ ಫ್ಲಾರೆನ್ಸಳೊಡನೆ ಆತನು ಲಂಡನ್ನಿಗೆ ಹೊರಟನು.

ಅಲ್ಲಿಂದ 27 ವರ್ಷಗಳ ಕಾಲ ಆತನ ಹಗಲಿರುಳುಗಳು ಇರ್ವಿಂಗನ ಪಾಲಾದವು. ಹಣದ ಲೆಕ್ಕ, ಟಿಕೆಟ್ಟುಗಳ ಮಾರಾಟ, ಅಮೆರಿಕದ ಪ್ರವಾಸಗಳ ಏರ್ಪಾಡು ಇವೆಲ್ಲವೂ ಆತನ ಹೊಣೆ. ಒಡೆಯನ ಪರವಾಗಿ ಬರೆದ ಪತ್ರಗಳಂತೂ ಅಸಂಖ್ಯ. ರಂಗದ ಮೇಲೆ ದೀಪದ ಬೆಳಕು ಇರ್ವಿಂಗನ ಮುಖಕ್ಕೆ. ತೆರೆಯ ಹಿಂದಿನ ದುಡಿಮೆ ಸ್ಟೋಕರನಿಗೆ. 1882ರಲ್ಲಿ ಥೇಮ್ಸ್ ನದಿಗೆ ಹಾರಿಕೊಂಡವನೊಬ್ಬನನ್ನು ಉಳಿಸಲು ತಾನೂ ಹಡಗಿನಿಂದ ಧುಮುಕಿದ್ದು ಆ ಕಾಲದ ಇನ್ನೊಂದು ಸಂಗತಿ. ಆ ಮನುಷ್ಯ ಬದುಕಲಿಲ್ಲ; ಸ್ಟೋಕರನ ಸಾಹಸಕ್ಕೆ ಪದಕ ದೊರೆಯಿತು. ಇರ್ವಿಂಗನ ಔತಣಗಳಲ್ಲಿ ಆತನು ಭೇಟಿಯಾದ ಗಣ್ಯರಲ್ಲಿ, ನಮ್ಮ ಬೇತಾಳ ಕಥೆಗಳಲ್ಲಿ ಕೆಲವನ್ನು 1870ರಲ್ಲಿ ಇಂಗ್ಲಿಷಿಗೆ ತಂದ ರಿಚರ್ಡ್ ಬರ್ಟನ್ ಒಬ್ಬನು. ಬರ್ಟನ್ ಮಾತನಾಡುವಾಗ ತುಟಿ ಮೇಲೆ ಸರಿದು ಕೋರೆಹಲ್ಲು ಹೊಳೆಯುತ್ತಿದ್ದುದನ್ನು ಸ್ಟೋಕರನು ಮರೆಯಲಿಲ್ಲ.

ಬರೆಯಲು ಉಳಿದದ್ದು ರಜೆಯ ದಿನಗಳು ಮಾತ್ರ. 1890ರಲ್ಲಿ ರಕ್ತ ಹೀರುವ ಪಿಶಾಚಿಯೊಂದರ ಕಥೆಗಾಗಿ ಆತನು ಟಿಪ್ಪಣಿ ಮಾಡತೊಡಗಿದನು. ಆ ಬೇಸಿಗೆಯಲ್ಲಿ ಇಂಗ್ಲೆಂಡಿನ ಕಡಲತೀರದ ವಿಟ್ಬಿ ಎಂಬ ಊರಿಗೆ ವಿಶ್ರಾಂತಿಗೆಂದು ಹೋದವನು ಅಲ್ಲಿಯೂ ಸುಮ್ಮನಿರಲಿಲ್ಲ. ಸ್ಮಶಾನದ ಕಲ್ಲುಗಳ ಮೇಲಿನ ಹೆಸರುಗಳನ್ನು ಬರೆದುಕೊಂಡನು. ಬೆಸ್ತರ ಆಡುಮಾತಿನ ಪದಗಳನ್ನು ಪಟ್ಟಿಮಾಡಿದನು. 1885ರಲ್ಲಿ ಬಿರುಗಾಳಿಗೆ ಸಿಕ್ಕಿ ಅಲ್ಲಿನ ದಡಕ್ಕೆ ಬಡಿದ ‘ದ್ಮಿತ್ರಿ’ ಎಂಬ ರಷ್ಯನ್ ಹಡಗಿನ ವೃತ್ತಾಂತವನ್ನು ಕರಾವಳಿಯ ಕಾವಲಿನವರಿಂದ ಕೇಳಿ ತಿಳಿದನು. ಕಾದಂಬರಿಯಲ್ಲಿ ಅದೇ ‘ಡಿಮೀಟರ್’ ಆಗಿ, ಸತ್ತ ನಾವಿಕನೊಬ್ಬನನ್ನು ಚುಕ್ಕಾಣಿಗೆ ಕಟ್ಟಿಕೊಂಡು ಬಂದರಿಗೆ ನುಗ್ಗುತ್ತದೆ. ಅಲ್ಲಿಯ ಪುಸ್ತಕಾಲಯದಲ್ಲಿ ಸಿಕ್ಕಿದ, ವಿಲ್ಕಿನ್ಸನ್ ಎಂಬಾತನ ಹಳೆಯ ಗ್ರಂಥವೊಂದರ ಅಡಿಟಿಪ್ಪಣಿಯಲ್ಲಿ ‘ಡ್ರಾಕುಲಾ’ ಎಂಬ ಹೆಸರು ಆತನ ಕಣ್ಣಿಗೆ ಬಿತ್ತು. ವಲ್ಲೇಕಿಯಾದ ಜನರ ನುಡಿಯಲ್ಲಿ ಅದಕ್ಕೆ ಸೈತಾನನೆಂಬ ಅರ್ಥವಿದೆಯೆಂದು ಆ ಗ್ರಂಥ ಹೇಳುತ್ತಿತ್ತು.

ಕಥೆ ಆರಂಭವಾಗುವ ಟ್ರಾನ್ಸಿಲ್ವೇನಿಯಾವನ್ನು ಸ್ಟೋಕರನು ಒಮ್ಮೆಯೂ ನೋಡಿದವನಲ್ಲ. ಅಲ್ಲಿಯ ಬೆಟ್ಟ, ಊಟ, ಉಡುಪು, ಮೂಢನಂಬಿಕೆಗಳನ್ನು ಪ್ರವಾಸಕಥನಗಳಿಂದ ಹೆಕ್ಕಿ ತೆಗೆದನು. ತಲೆಗೆ ಪೆಟ್ಟು ಬಿದ್ದ ರೋಗಿಯ ಚಿಕಿತ್ಸೆ ಹೇಗೆಂದು ಶಸ್ತ್ರವೈದ್ಯನಾದ ಅಣ್ಣ ಥಾರ್ನ್‌ಲಿಯಿಂದ ಬರಹದಲ್ಲಿ ತರಿಸಿಕೊಂಡನು. ಯಾವ ಘಟನೆ ಯಾವ ದಿನ ನಡೆಯಬೇಕೆಂದು ದಿನದರ್ಶಿಯನ್ನು ಸಿದ್ಧಪಡಿಸಿದನು. ಹೀಗೆ ಏಳು ವರ್ಷಗಳು ಕಳೆದವು.

ಈ ಶ್ರಮವೆಲ್ಲ ಏಕೆ? ಪಿಶಾಚಿ ಸುಳ್ಳೆಂಬುದು ಓದುಗನಿಗೂ ಗೊತ್ತು. ಆದರೆ ರೈಲಿನ ವೇಳೆ ನಿಜ, ಬಂದರು ನಿಜ, ವೈದ್ಯನ ಮಾತು ನಿಜವೆಂದು ಕಂಡ ಮೇಲೆ ಆ ನಿಜಗಳ ಸಾಲಿನಲ್ಲಿ ಬಂದು ನಿಂತ ಸುಳ್ಳನ್ನು ತಳ್ಳಿಹಾಕುವುದು ಸುಲಭವಲ್ಲ. ಇಡೀ ಕಾದಂಬರಿ ದಿನಚರಿ, ಪತ್ರ, ತಂತಿ, ವೃತ್ತಪತ್ರಿಕೆಯ ತುಣುಕುಗಳ ರೂಪದಲ್ಲಿದೆ. ಕಚೇರಿಯ ಕಡತವೊಂದನ್ನು ನಮ್ಮ ಮುಂದಿಟ್ಟಂತಿದೆ. ಹಳೆಯ ಗುಮಾಸ್ತನ ಕೈ ಇಲ್ಲಿ ಕಾಣುತ್ತದೆ. ಎಲ್ಲರೂ ಬರೆಯುತ್ತಾರೆ, ಡ್ರಾಕುಲಾ ಒಬ್ಬನು ಮಾತ್ರ ತನ್ನ ಕಥೆಯನ್ನು ಬರೆಯುವುದಿಲ್ಲ. ಮೊದಲ ನಾಲ್ಕು ಅಧ್ಯಾಯಗಳಾದ ಮೇಲೆ ಅವನು ನಮ್ಮೆದುರಿಗೆ ಬರುವುದೂ ಅಪರೂಪ. ಕಿಟಕಿಯಾಚೆಯ ರೆಕ್ಕೆಯ ಸದ್ದು, ಹುಡುಗಿಯ ಕೊರಳಿನ ಎರಡು ಚುಕ್ಕೆ, ದಿನದಿನಕ್ಕೆ ಬಿಳಿಚುವ ಮುಖ ಇಷ್ಟೇ ಸಾಕಾಗುತ್ತದೆ. ತೋರಿಸದೆ ಬಿಟ್ಟದ್ದನ್ನು ಓದುಗನ ಮನಸ್ಸು ತಾನೇ ತುಂಬಿಕೊಳ್ಳುತ್ತದೆ. ಭಯವನ್ನು ಬಣ್ಣಿಸಲು ವಿಶೇಷಣಗಳ ರಾಶಿ ಸುರಿಯುವ ಎಳೆಯ ಲೇಖಕರು ಈ ಕಾದಂಬರಿಯ ಮೊದಲ ಅಧ್ಯಾಯವನ್ನಾದರೂ ಓದಬೇಕು. ಅಲ್ಲಿ ಪ್ರಯಾಣಿಕನು ಮೊದಲು ಬರೆದಿಡುವುದು ರೈಲು ತಡವಾದದ್ದನ್ನೂ ಊಟದ ರುಚಿಯನ್ನೂ!

1897ರ ಮೇ ತಿಂಗಳಲ್ಲಿ ಕಾದಂಬರಿ ಪ್ರಕಟವಾಯಿತು. ಮಗನಿಗೆ ಇದರಿಂದ ಹೆಸರೂ ಹಣವೂ ಬರುವುದೆಂದು ಮುದಿತಾಯಿ ಹಿಗ್ಗಿ ಬರೆದಳು. ವಿಮರ್ಶಕರಲ್ಲಿ ಹಲವರು ಮೆಚ್ಚಿದರು, ಪುಸ್ತಕ ತಕ್ಕಮಟ್ಟಿಗೆ ಮಾರಾಟವಾಯಿತು. ಆದರೆ ಸಿರಿ ಬರಲಿಲ್ಲ. ಮರುವರ್ಷ ಲೈಸಿಯಮ್ಮಿನ ರಂಗಸಜ್ಜಿಕೆಗಳ ಉಗ್ರಾಣ ಬೆಂಕಿಗೆ ಆಹುತಿಯಾಗಿ ನಾಟಕಶಾಲೆ ಕುಗ್ಗಿತು. 1905ರಲ್ಲಿ ಇರ್ವಿಂಗನು ತೀರಿಕೊಂಡನು. ಸ್ಟೋಕರನು ಮರುವರ್ಷ ತನ್ನ ಒಡೆಯನ ನೆನಪುಗಳನ್ನು ಎರಡು ಸಂಪುಟಗಳಲ್ಲಿ ಪ್ರಕಟಿಸಿದನು. ಆ ಹೊತ್ತಿಗೆ ಪಾರ್ಶ್ವವಾಯು ಬಡಿದು ದೇಹ ಸೋತಿತ್ತು. ಕೈ ಬರಿದಾಗಿ, 1911ರಲ್ಲಿ ಬಡ ಲೇಖಕರ ಸಹಾಯನಿಧಿಗೆ ಅರ್ಜಿ ಬರೆಯಬೇಕಾಯಿತು. ಅದೇ ವರ್ಷ ಕೆಲವೇ ತಿಂಗಳಲ್ಲಿ ಬರೆದು ಮುಗಿಸಿದ ಕಡೆಯ ಕಾದಂಬರಿಯಲ್ಲಿ ಬಿಳಿಯ ಮಹಾಸರ್ಪವಿದೆ, ಅರ್ಭಟವಿದೆ, ‘ಡ್ರಾಕುಲಾ’ದ ಬಿಗಿ ಮಾತ್ರ ಇಲ್ಲ. ಏಳು ವರ್ಷ ಕಾಯುವ ಅನುಕೂಲ ಆಗ ಅವನಿಗಿರಲಿಲ್ಲ.

1912ರ ಏಪ್ರಿಲ್ 20ರಂದು ಸ್ಟೋಕರನು ಲಂಡನ್ನಿನಲ್ಲಿ ಮರಣಹೊಂದಿದನು. ಟೈಟಾನಿಕ್ ಹಡಗು ಮುಳುಗಿ ಆಗ ಒಂದು ವಾರವೂ ಕಳೆದಿರಲಿಲ್ಲ. ಪತ್ರಿಕೆಗಳೆಲ್ಲ ಆ ಸುದ್ದಿಯಿಂದ ತುಂಬಿದ್ದವು. ಲೋಕ ಆತನನ್ನು ನೆನೆದದ್ದು ಮುಖ್ಯವಾಗಿ ಇರ್ವಿಂಗನ ವ್ಯವಸ್ಥಾಪಕನೆಂದು. ಹತ್ತು ವರ್ಷಗಳ ನಂತರ ಜರ್ಮನಿಯಲ್ಲಿ ಈ ಕಥೆಯನ್ನು ಅನುಮತಿಯಿಲ್ಲದೆ ‘ನೊಸ್ಫೆರಾಟು’ ಎಂಬ ಮೂಕಿ ಚಿತ್ರವಾಗಿ ತೆಗೆದರು. ಫ್ಲಾರೆನ್ಸಳು ಪಟ್ಟುಬಿಡದೆ ದಾವೆ ಹೂಡಿ ಗೆದ್ದಳು. ಪ್ರತಿಗಳನ್ನು ನಾಶಮಾಡಬೇಕೆಂದು 1925ರಲ್ಲಿ ತೀರ್ಪಾಯಿತು. ಆದರೂ ಕೆಲವು ಪ್ರತಿಗಳು ಉಳಿದುಕೊಂಡವು. 1931ರಲ್ಲಿ ಹಾಲಿವುಡ್ಡಿನ ಚಿತ್ರ ಬಂದ ಮೇಲಂತೂ ಡ್ರಾಕುಲಾನ ಹೆಸರು ಮನೆಮಾತಾಯಿತು.

ಸ್ಟೋಕರನ ಟಿಪ್ಪಣಿಗಳನ್ನು 1913ರಲ್ಲಿ ಹರಾಜಿನಲ್ಲಿ ಮಾರಲಾಯಿತು. ನೂರಕ್ಕೂ ಹೆಚ್ಚು ಪುಟಗಳ ಆ ಕಾಗದಗಳು ಇಂದು ಅಮೆರಿಕದ ಫಿಲಡೆಲ್ಫಿಯಾ ನಗರದ ರೋಸೆನ್‌ಬಾಕ್ ಸಂಗ್ರಹಾಲಯದಲ್ಲಿವೆ. ಪಾತ್ರಗಳ ಪಟ್ಟಿಯಿರುವ ಒಂದು ಹಾಳೆಯಲ್ಲಿ ಆತನು ಖಳನಾಯಕನಿಗೆ ಮೊದಲು ‘ವಾಂಪೈರ್’ ಎಂಬ ಸಾಧಾರಣ ಹೆಸರನ್ನು ಬರೆದು, ಅದನ್ನು ಹೊಡೆದುಹಾಕಿ, ‘ಡ್ರಾಕುಲಾ’ ಎಂದು ತಿದ್ದಿರುವುದನ್ನು ಕಾಣಬಹುದು.