ದಿವಂಗತ ಕುದ್ಮುಲ್ ರಂಗರಾಯರು

ಪಡುಬಿದ್ರಿಯಿಂದ ಕಾರ್ಕಳದತ್ತ ಸಾಗುವ ಹಾದಿಯಲ್ಲಿ ನಂದಿಕೂರನ್ನು ಹಾದುಹೋಗುವವರು, ಬೆಳಗಿನ ಹೊತ್ತಿನಲ್ಲಿ ತಾಯಂದಿರು ಎಳೆಯ ಮಕ್ಕಳ ಕೈಹಿಡಿದು ಅಂಗನವಾಡಿಗೆ ನಡೆದುಹೋಗುವುದನ್ನು ಕಾಣಬಹುದು. ಅಲ್ಲಿ ಮಗುವಿಗೆ ಊಟವುಂಟು, ಆಟವುಂಟು, ಅದರ ತೂಕವನ್ನು ನೋಡಿ ಬರೆದಿಡುವವರುಂಟು. ಬಸುರಿ ಬಾಣಂತಿಯರ ಯೋಗಕ್ಷೇಮವನ್ನು ವಿಚಾರಿಸುವ ಏರ್ಪಾಡೂ ಉಂಟು. ಸರಕಾರದ ಈ ಯೋಜನೆಯು ದೇಶದಲ್ಲಿ ಮೊದಲಾದದ್ದು 1975ನೆಯ ಇಸವಿ ಅಕ್ಟೋಬರ್ 2ರಂದು. ನಮ್ಮ ರಾಜ್ಯದ ಮಟ್ಟಿಗೆ ಟಿ. ನರಸೀಪುರದಲ್ಲಿ. ಆದರೆ ಮಗುವಿನ ಕೈಗೆ ಬಳಪವನ್ನು ಕೊಡುವ ಮೊದಲು ಅದರ ಮನೆಯ ಒಲೆ ಉರಿಯುತ್ತಿದೆಯೋ ಇಲ್ಲವೋ ಎಂದು ವಿಚಾರಿಸಬೇಕೆಂಬುದನ್ನು, ಅದಕ್ಕೂ ಮುಕ್ಕಾಲು ಶತಮಾನದ ಹಿಂದೆಯೇ ಕಂಡುಕೊಂಡು, ತಮ್ಮ ಸರ್ವಸ್ವವನ್ನೂ ಅದಕ್ಕಾಗಿ ವೆಚ್ಚಮಾಡಿದ ಪುರುಷರೊಬ್ಬರು ನಮ್ಮ ಕರಾವಳಿಯಲ್ಲಿಯೇ ಇದ್ದರು. ಅವರ ಹೆಸರನ್ನು ಮಂಗಳೂರಿನ ಪುರಭವನದ ಮೇಲೆ ಓದಿರುವ ಸೋದರಿಯರು ಅನೇಕರಿರಬಹುದು. ಅವರ ಚರಿತ್ರೆಯನ್ನು ಬಲ್ಲವರು ಅಷ್ಟು ಮಂದಿಯಿಲ್ಲ.

ರಂಗರಾಯರು 1859ನೆಯ ಇಸವಿ ಜೂನ್ 29ರಂದು ಕಾಸರಗೋಡು ಸೀಮೆಯ ಬಡ ಸಾರಸ್ವತ ಬ್ರಾಹ್ಮಣ ಕುಟುಂಬವೊಂದರಲ್ಲಿ ಜನಿಸಿದರು. ಆ ತಾಲೂಕು ಅಂದು ಮದರಾಸು ಆಧಿಪತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದಿತು, 1956ರಿಂದ ಕೇರಳದಲ್ಲಿದೆ. ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡ ಅವರು ಮಂಗಳೂರಿಗೆ ಬಂದು, ಮೊದಲು ಉಪಾಧ್ಯಾಯರಾಗಿ ಹೊಟ್ಟೆಹೊರೆದು, ಅನಂತರ ಕಾನೂನನ್ನಭ್ಯಸಿಸಿ ವಕೀಲರಾದರು. ಬಡವರಿಂದ ಫೀಸನ್ನು ಕೇಳದ ವಕೀಲರೆಂದು ಅವರಿಗೆ ಹೆಸರು ಬಂದಿತು. ಇಂಥ ಹೆಸರಿನಿಂದ ಮನೆಯ ಪೆಟ್ಟಿಗೆ ತುಂಬುವುದಿಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

1870ರಲ್ಲಿ ಮಂಗಳೂರಿನಲ್ಲಿ ಬ್ರಹ್ಮಸಮಾಜವು ನೆಲೆಗೊಂಡಿದ್ದಿತು. ಉಳ್ಳಾಲ ರಘುನಾಥಯ್ಯನವರೇ ಮೊದಲಾದ ಹಿರಿಯರ ಸಹವಾಸದಿಂದ ರಂಗರಾಯರು ಆ ಸಮಾಜವನ್ನು ಸೇರಿದರು. ಆ ದಿನಗಳಲ್ಲಿಯೇ ನಡೆದ ಒಂದು ಸಂಗತಿಯು ಅವರ ಮನಸ್ಸನ್ನು ನಾಟಿತು. ಅಸ್ಪೃಶ್ಯರೆನಿಸಿದ ಜಾತಿಯ ಯುವಕನೊಬ್ಬನು ನಾಲ್ಕನೆಯ ತರಗತಿಯವರೆಗೆ ಓದಿ, ಜಿಲ್ಲಾ ನ್ಯಾಯಾಲಯದಲ್ಲಿ ಜವಾನನ ಕೆಲಸವನ್ನು ಪಡೆದನು. ಇಷ್ಟಕ್ಕೇ ಮೇಲುಜಾತಿಯವರಲ್ಲಿ ಕೋಲಾಹಲವೆದ್ದಿತು. ನ್ಯಾಯವನ್ನು ಹಂಚಬೇಕಾದ ಮನೆಯೊಳಗೇ ಹೀಗಾದರೆ ಬೇರೆ ಕಡೆಯಲ್ಲಿ ಇವರ ಮಕ್ಕಳ ಗತಿಯೇನು ಎಂಬ ಚಿಂತೆಯು ರಾಯರನ್ನು ಹಿಡಿಯಿತು. 1892ರಲ್ಲಿ ಉರ್ವ ಚಿಲಿಂಬಿಯಲ್ಲಿ ಈ ಮಕ್ಕಳಿಗಾಗಿ ಒಂದು ಸಣ್ಣ ಶಾಲೆಯು ತೆರೆಯಲ್ಪಟ್ಟಿತು; 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯು ಸ್ಥಾಪಿತವಾಯಿತು. ಮುಂಬಯಿಯಲ್ಲಿ ವಿಠ್ಠಲ ರಾಮಜಿ ಶಿಂದೆಯವರು ಇದೇ ಹೆಸರಿನ ಸಂಸ್ಥೆಯನ್ನು ಕಟ್ಟಿದ್ದು 1906ರಲ್ಲಿ, ಎಂದರೆ ಒಂಬತ್ತು ವರ್ಷಗಳ ಬಳಿಕ. ಇದನ್ನು ನಮ್ಮ ಜಿಲ್ಲೆಯವರು ಅಭಿಮಾನದಿಂದ ನೆನೆಯಬಹುದು. ಹಾಗೆಯೇ, ಆ ಶಾಲೆಗೆ ಅಂದು ನಮ್ಮ ಜಿಲ್ಲೆಯವರಿಂದಲೇ ಒದಗಿದ ವಿರೋಧವನ್ನೂ ನೆನೆಯಬೇಕಾಗುತ್ತದೆ. ಅಲ್ಲಿ ಪಾಠ ಹೇಳಲು ಮೇಲುಜಾತಿಯ ಉಪಾಧ್ಯಾಯರು ಸಿಕ್ಕಲಿಲ್ಲ. ಆಗ ಮುಂದೆ ಬಂದು ಆ ಮಕ್ಕಳ ನಡುವೆ ಕುಳಿತವರು ಕ್ರೈಸ್ತ ಉಪಾಧ್ಯಾಯರು.

ಶಾಲೆಯನ್ನು ತೆರೆಯುವುದು ಒಂದು, ಮಕ್ಕಳು ಬರುವುದು ಇನ್ನೊಂದು. ಕೂಲಿಯ ಕುಟುಂಬದ ದಿನಚರಿಯನ್ನು ಸ್ವಲ್ಪ ಕಣ್ಣಮುಂದೆ ತಂದುಕೊಳ್ಳಿರಿ. ಸೂರ್ಯನು ಮೂಡುವ ಮೊದಲೇ ತಾಯಿತಂದೆಗಳಿಬ್ಬರೂ ಒಡೆಯನ ಗದ್ದೆಗೆ ಹೋಗುವರು. ಏಳೆಂಟು ವರ್ಷದ ಹುಡುಗನು ದನಗಳ ಹಿಂದೆ ಹೋಗುವನು. ಅವನ ಅಕ್ಕನು ಎಳೆಯ ಕೂಸನ್ನು ಸೊಂಟದ ಮೇಲಿಟ್ಟುಕೊಂಡು ಗುಡಿಸಲನ್ನು ಕಾಯುವಳು. ಮಳೆಗಾಲದಲ್ಲಿ ಗಂಜಿಯೂ ಇಲ್ಲದ ದಿನಗಳುಂಟು. ಇಂಥ ಮನೆಯಿಂದ ಒಂದು ಮಗುವನ್ನು ಶಾಲೆಗೆ ಕರೆಯುವುದೆಂದರೆ ಆ ಮನೆಯ ಒಂದು ಕೈಯನ್ನು ಕಡಿದುಕೊಂಡು ಬಂದಂತೆಯೇ ಸರಿ. ಹೆತ್ತವರಿಗೆ ವಿದ್ಯೆಯಲ್ಲಿ ಪ್ರೀತಿಯಿಲ್ಲವೆಂದು ಹೇಳುತ್ತಿದ್ದವರು ಈ ಲೆಕ್ಕವನ್ನು ಹಾಕಿ ನೋಡಿರಲಿಲ್ಲ. ರಂಗರಾಯರು ಹಾಕಿ ನೋಡಿದರು.

ಆದುದರಿಂದ ಶಾಲೆಗೆ ಬಂದ ಪ್ರತಿ ಮಗುವಿಗೆ ದಿನಕ್ಕೆ ಎರಡು ಪೈಸೆಗಳನ್ನು ಕೊಡುವ ಪದ್ಧತಿಯನ್ನು ಅವರು ಆರಂಭಿಸಿದರು; ಮಧ್ಯಾಹ್ನದ ಊಟವನ್ನೂ ಏರ್ಪಡಿಸಿದರು. ಎರಡು ಪೈಸೆಯೆಂದರೆ ಅಂದಿನ ಲೆಕ್ಕದಲ್ಲಿ ಅರ್ಧ ಆಣೆ. ತಿಂಗಳಿಗೆ ಇಪ್ಪತ್ತಾರು ದಿನ ತಪ್ಪದೆ ಬಂದ ಮಗುವಿನ ಕೈಯಲ್ಲಿ ಹದಿಮೂರು ಆಣೆಗಳಾಗುತ್ತಿದ್ದುವು. ಅಲ್ಪ ಮೊತ್ತವೇ, ಆದರೆ ಮಗನ ಓದಿನಿಂದ ಮನೆಗೆ ಬಂದ ನಷ್ಟವು ಅಷ್ಟರಮಟ್ಟಿಗೆ ತುಂಬಿಬರುತ್ತಿದ್ದಿತು. ಇದು ಆಸೆ ತೋರಿಸಿ ಕರೆಯುವ ಉಪಾಯವಲ್ಲವೇ ಎನ್ನುವವರು ಇಂದೂ ಇರಬಹುದು. ಈ ಲೇಖಕಿಗೆ ಹಾಗೆ ತೋರುವುದಿಲ್ಲ. ಹಸಿದ ತಾಯಿಗೆ ಮಗುವಿನ ಪಾಲನೆಯನ್ನು ಕುರಿತು ಉಪದೇಶಮಾಡುವುದಕ್ಕಿಂತ, ಅವಳು ತನ್ನ ಮಗುವನ್ನು ತನ್ನ ಇಚ್ಛೆಯಂತೆ ಪಾಲಿಸುವುದಕ್ಕೆ ಎಡೆಮಾಡಿಕೊಡುವುದು ಹೆಚ್ಚಿನ ಮರ್ಯಾದೆಯಲ್ಲವೇ? ಶಾಲೆಯ ಮಕ್ಕಳಿಗೆ ಊಟ ಕೊಡಬಹುದೆಂಬ ಕಾಯಿದೆಯು ಐಶ್ವರ್ಯವಂತ ಇಂಗ್ಲೆಂಡಿನಲ್ಲಿಯೂ 1906ರವರೆಗೆ ಬಂದಿರಲಿಲ್ಲ.

ಮಂಗಳೂರಿನ ಕೇರಿಗಳಿಂದ ಮೊದಲುಗೊಂಡ ಈ ಶಾಲೆಗಳು ಬರಬರುತ್ತ ಮುಲ್ಕಿ, ಉಡುಪಿಗಳವರೆಗೂ ಹಬ್ಬಿದುವು. ಕಾಪು, ಪಡುಬಿದ್ರಿ, ನಂದಿಕೂರುಗಳ ಕಡೆಯವರಿಗೆ ಇವೆರಡೂ ದೂರದ ಊರುಗಳಲ್ಲ. ಆದರೆ ರಾಯರ ಕೆಲಸವು ಶಾಲೆಯ ಹೊಸ್ತಿಲಲ್ಲಿ ನಿಲ್ಲಲಿಲ್ಲ. ಮಗುವು ಸಂಜೆ ಹಿಂದಿರುಗಿ ಹೋಗುವ ಗುಡಿಸಲು ಒಡೆಯನ ನೆಲದ ಮೇಲಿದ್ದರೆ, ಒಡೆಯನು ಮುನಿದ ದಿನವೇ ಓದಿಗೂ ಕೊನೆಯಾಗುವುದು. ಅದಕ್ಕಾಗಿ ಅವರು ಸರಕಾರದಿಂದ ಜಮೀನನ್ನು ಬೇಡಿ ಪಡೆದು, ದಲಿತ ಕುಟುಂಬಗಳಿಗೆ ಮನೆಗಳ ನಿವೇಶನಗಳನ್ನು ಹಂಚಿಸಿದರು. ಸಾಲದ ಬಾಧೆಯಿಂದ ಪಾರಾಗಲೆಂದು ಸಹಕಾರ ಸಂಘವು ಹುಟ್ಟಿತು. ಕೊಡಿಯಾಲಬೈಲಿನ ಶೇಡಿಗುಡ್ಡೆಯಲ್ಲಿದ್ದ ಸಂಸ್ಥೆಯಲ್ಲಿ ಮಗ್ಗವೂ ಬಡಗಿಯ ಕೆಲಸವೂ ಕಲಿಸಲ್ಪಡುತ್ತಿದ್ದುವು. ದೂರದಿಂದ ಬರುವ ಮಕ್ಕಳಿಗೆ ವಸತಿಯೂ ಏರ್ಪಟ್ಟಿತು.

ಕೊರಗರ ಮೇಲೆ ಅವರಿಗಿದ್ದ ಮರುಕವು ವಿಶೇಷವಾದುದು. ಬುಟ್ಟಿ ಹೆಣೆದು ಬದುಕುವ ಈ ಜನರನ್ನು ಅಜಲು ಎಂಬ ದುಷ್ಟ ಪದ್ಧತಿಯು ಹಿಡಿದಿದ್ದಿತು. ಮೇಲುಜಾತಿಯ ಬಸುರಿಯ ಪೀಡೆ ಕಳೆಯಲೆಂದು, ಕೂದಲು ಉಗುರುಗಳನ್ನು ಬೆರೆಸಿದ ಅನ್ನವನ್ನು ಕೊರಗರಿಗೆ ಉಣಿಸುತ್ತಿದ್ದರು. ತನ್ನ ಕೂಸಿನ ಕ್ಷೇಮಕ್ಕಾಗಿ ಇನ್ನೊಬ್ಬರ ಕೂಸಿನ ತಂದೆತಾಯಿಗಳಿಗೆ ಇಂಥ ಅನ್ನವನ್ನಿಕ್ಕಿದ ಕೈಗಳು ಪರಸ್ಥಳದವರದಲ್ಲ, ನಮ್ಮ ಊರುಗಳವರದೇ. ಅಜಲನ್ನು ನಿಷೇಧಿಸುವ ಕಾಯಿದೆಯು ಕರ್ನಾಟಕದಲ್ಲಿ ಬಂದದ್ದು 2000ನೆಯ ಇಸವಿಯಲ್ಲಿ, ಎಂದರೆ ರಾಯರು ತೀರಿಕೊಂಡು ಎಪ್ಪತ್ತೆರಡು ವರ್ಷಗಳಾದ ಮೇಲೆ.

ಈ ಕಾರ್ಯಕ್ಕೆ ರಾಯರು ತೆತ್ತ ಬೆಲೆಯನ್ನು ಅವರೊಬ್ಬರೇ ತೆರಲಿಲ್ಲ. ಜಾತಿಯವರು ಬಹಿಷ್ಕಾರ ಹಾಕಿದರು. ನೆಂಟರಿಷ್ಟರು ಬಾಗಿಲು ಮುಚ್ಚಿದರು. ಬಹಿಷ್ಕಾರವೆಂಬುದು ಗಂಡಸಿಗೆ ಬೀದಿಯಲ್ಲಿ ತಗಲಿದರೆ ಹೆಂಗಸಿಗೆ ಅಡಿಗೆಮನೆಯಲ್ಲಿಯೂ ಬಾವಿಯ ಕಟ್ಟೆಯಲ್ಲಿಯೂ ಹೆರಿಗೆಯ ಕೋಣೆಯಲ್ಲಿಯೂ ತಗಲುವುದು. ಅವರ ಪತ್ನಿಯು ಆ ವರ್ಷಗಳಲ್ಲಿ ಮಕ್ಕಳನ್ನು ಹೇಗೆ ಸಾಕಿದರೆಂಬುದನ್ನು ಚರಿತ್ರಕಾರರು ವಿಸ್ತಾರವಾಗಿ ಬರೆದಿಟ್ಟಿಲ್ಲವೆಂಬುದು ವಿಷಾದಕರವು. ಪರರ ಮಕ್ಕಳಿಗಾಗಿ ತನ್ನ ಮಕ್ಕಳನ್ನು ನೆರೆಹೊರೆಯಿಲ್ಲದವರನ್ನಾಗಿ ಮಾಡಲು ತಂದೆಯೊಬ್ಬನಿಗೆ ಅಧಿಕಾರವುಂಟೇ? ಈ ಪ್ರಶ್ನೆಯು ಸುಲಭವಾದುದಲ್ಲ. ಅದನ್ನು ರಾಯರು ತಮ್ಮೊಳಗೆ ಕೇಳಿಕೊಳ್ಳದೆ ಇದ್ದಿರಲಾರರು.

ಆದರೆ ಹೊರಗೆ ಒಂದು, ಮನೆಯೊಳಗೆ ಒಂದು ಎಂಬ ನಡತೆ ಅವರಲ್ಲಿರಲಿಲ್ಲ. 1891ರಲ್ಲಿ ಹುಟ್ಟಿದ ಅವರ ಮಗಳು ರಾಧಾಬಾಯಿಯು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿದರು. ಮುಂದೆ ಆಕ್ಸ್‌ಫರ್ಡಿನಲ್ಲಿಯೂ ವ್ಯಾಸಂಗಮಾಡಿದರು. 1912ರಲ್ಲಿ ಆಕೆಯ ವಿವಾಹವು ಬೇರೆ ಜಾತಿಯವರಾದ, ಕುಮಾರಮಂಗಲದ ಜಮೀನ್ದಾರರಾದ ಸುಬ್ಬರಾಯನ್ ಅವರೊಡನೆ ನಡೆಯಿತು. ಸುಬ್ಬರಾಯನ್ ಅವರು 1926ರಲ್ಲಿ ಮದರಾಸು ಆಧಿಪತ್ಯದ ಮುಖ್ಯಮಂತ್ರಿಗಳಾದರು. 1930ರಲ್ಲಿ ಲಂಡನ್ನಿನ ಮೊದಲನೆಯ ದುಂಡುಮೇಜಿನ ಪರಿಷತ್ತಿಗೆ ಭಾರತದಿಂದ ಹೋದ ಇಬ್ಬರೇ ಸ್ತ್ರೀಯರಲ್ಲಿ ರಾಧಾಬಾಯಿ ಒಬ್ಬರು. 1938ರಲ್ಲಿ ಕೇಂದ್ರದ ರಾಜ್ಯಪರಿಷತ್ತಿಗೆ ಚುನಾಯಿತರಾದ ಮೊದಲನೆಯ ಮಹಿಳೆಯೂ ಅವರೇ. ಈ ದಿನಗಳನ್ನು ತಂದೆಯು ಕಣ್ಣಾರೆ ಕಾಣಲಿಲ್ಲ.

ವಯಸ್ಸಾಗಿ ಶಕ್ತಿಯುಡುಗಿದಾಗ ರಾಯರು ಮಿಷನ್ನಿನ ಆಡಳಿತವನ್ನು ಭಾರತ ಸೇವಕ ಸಂಘಕ್ಕೆ ಒಪ್ಪಿಸಿದರು. 1927ರಲ್ಲಿ ಸಂನ್ಯಾಸವನ್ನು ಸ್ವೀಕರಿಸಿ ಈಶ್ವರಾನಂದರೆಂಬ ಹೆಸರನ್ನು ತಳೆದರು. 1928ನೆಯ ಜನವರಿ 30ರಂದು, ಅರುವತ್ತೆಂಟನೆಯ ವಯಸ್ಸಿನಲ್ಲಿ, ದೈವಾಧೀನರಾದರು. ತಮ್ಮ ಅಂತ್ಯಕ್ರಿಯೆಯನ್ನು ದಲಿತರೇ ನೆರವೇರಿಸಬೇಕೆಂಬುದು ಅವರ ಅಪೇಕ್ಷೆಯಾಗಿದ್ದಿತು. ಆರು ವರ್ಷಗಳ ಬಳಿಕ, 1934ರ ಫೆಬ್ರವರಿಯಲ್ಲಿ, ಗಾಂಧೀಜಿಯವರು ಮಂಗಳೂರಿಗೆ ಬಂದಾಗ ಈ ಸಂಸ್ಥೆಯನ್ನು ಸಂದರ್ಶಿಸಿದರು.

ಮಂಗಳೂರಿನಲ್ಲಿ ರಂಗರಾಯರ ಸಮಾಧಿಯಿದೆ. ಅವರ ಕಡೆಯ ಬಯಕೆಯೊಂದು ಅಲ್ಲಿ ಕಲ್ಲಿನಲ್ಲಿ ಕೆತ್ತಲ್ಪಟ್ಟಿದೆ. ತಮ್ಮ ಶಾಲೆಯಲ್ಲಿ ಕಲಿತ ದಲಿತರ ಮಗುವೊಂದು ದೊಡ್ಡದಾಗಿ, ಸರಕಾರದ ಹುದ್ದೆಯನ್ನು ಸೇರಿ, ತಮ್ಮೂರಿನ ಬೀದಿಯಲ್ಲಿ ಕಾರಿನಲ್ಲಿ ಕುಳಿತು ಹೋಗಬೇಕು. ಆ ಕಾರಿನಿಂದೇಳುವ ಧೂಳು ತಮ್ಮ ತಲೆಯನ್ನು ಸೋಕಬೇಕು. ಅದಕ್ಕಿಂತ ಹೆಚ್ಚಿನದೇನನ್ನೂ ಅವರು ತಮಗಾಗಿ ಬೇಡಲಿಲ್ಲ.