ಚಾರ್ಲ್ಸ್ ಹರ್ಬರ್ಟ್ ಬೆಸ್ಟ್

ಚಾರ್ಲ್ಸ್ ಹರ್ಬರ್ಟ್ ಬೆಸ್ಟ್ (ಫೆಬ್ರವರಿ ೨೭, ೧೮೯೯ – ಮಾರ್ಚ್ ೩೧, ೧೯೭೮) ಕೆನಡಾದ ವೈದ್ಯವಿಜ್ಞಾನಿ. ಮಧುಮೇಹದ ಔಷಧಿಯಾದ ಇನ್ಸುಲಿನ್‌ನ ಶೋಧನೆಯಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಅವರ ಸಹಾಯಕರಾಗಿ ದುಡಿದವರು. ಆಗ ಅವರು ಇಪ್ಪತ್ತೆರಡು ವರ್ಷದ ವಿದ್ಯಾರ್ಥಿ.

ಜನನ ಮತ್ತು ವಿದ್ಯಾಭ್ಯಾಸ

ಬೆಸ್ಟ್ ಅಮೆರಿಕದ ಮೇನ್ ರಾಜ್ಯದ ವೆಸ್ಟ್ ಪೆಂಬ್ರೋಕ್‌ನಲ್ಲಿ ಕೆನಡಾ ಮೂಲದ ದಂಪತಿಗಳಿಗೆ ಜನಿಸಿದರು. ತಂದೆ ವೈದ್ಯರಾಗಿದ್ದರು. ಸೋದರತ್ತೆಯೊಬ್ಬರು ಮಧುಮೇಹದಿಂದ ತೀರಿಕೊಂಡಿದ್ದರು. ಮೊದಲ ಮಹಾಯುದ್ಧದ ಕಾಲದಲ್ಲಿ ಸೇನೆಗೆ ಸೇರಿದ್ದ ಬೆಸ್ಟ್, ೧೯೨೧ರಲ್ಲಿ ಟೊರಾಂಟೋ ವಿಶ್ವವಿದ್ಯಾಲಯದಿಂದ ಶರೀರಕ್ರಿಯಾ ವಿಜ್ಞಾನ ಮತ್ತು ಜೀವರಸಾಯನ ಶಾಸ್ತ್ರದಲ್ಲಿ ಪದವಿ ಪಡೆದರು.

೧೯೨೧ರ ಬೇಸಿಗೆ

ಬ್ಯಾಂಟಿಂಗ್ ಅವರ ಪ್ರಯೋಗಕ್ಕೆ ಪ್ರಾಧ್ಯಾಪಕ ಜೆ.ಜೆ.ಆರ್. ಮೆಕ್ಲಿಯಾಡ್ ತಮ್ಮ ಪ್ರಯೋಗಾಲಯದಲ್ಲಿ ಸ್ಥಳ ನೀಡಿ, ನೆರವಿಗೆ ಬೆಸ್ಟ್ ಮತ್ತು ಕ್ಲಾರ್ಕ್ ನೋಬಲ್ ಎಂಬ ಇಬ್ಬರು ವಿದ್ಯಾರ್ಥಿಗಳನ್ನು ಸೂಚಿಸಿದರು. ಮೊದಲ ಸರದಿ ಯಾರದೆಂಬುದನ್ನು ನಾಣ್ಯ ಚಿಮ್ಮಿ ನಿರ್ಧರಿಸಲಾಯಿತು. ಅದು ಬೆಸ್ಟ್ ಪಾಲಿಗೆ ಬಂದಿತು. ಮುಂದೆಯೂ ನೋಬಲ್ ಬದಲು ಅವರೇ ಉಳಿದರು.

ಮೇ ೧೭ರಂದು ಕೆಲಸ ಆರಂಭವಾಯಿತು. ಬ್ಯಾಂಟಿಂಗ್ ನಾಯಿಗಳ ಶಸ್ತ್ರಕ್ರಿಯೆ ನಡೆಸುತ್ತಿದ್ದರೆ, ರಕ್ತ ಮತ್ತು ಮೂತ್ರದಲ್ಲಿನ ಸಕ್ಕರೆಯನ್ನು ಅಳೆಯುವ ಹೊಣೆ ಬೆಸ್ಟ್ ಅವರದಾಗಿತ್ತು. ಸಾರವು ಫಲ ನೀಡುತ್ತಿದೆಯೇ ಎಂಬುದನ್ನು ತಿಳಿಸಬಲ್ಲದ್ದು ಈ ಅಳತೆಯೇ ಆದ್ದರಿಂದ ಇಡೀ ಪ್ರಯೋಗವು ಅದರ ನಿಖರತೆಯನ್ನು ಅವಲಂಬಿಸಿತ್ತು. ಜುಲೈ ೩೦ರಂದು, ಮೇದೋಜೀರಕ ಗ್ರಂಥಿಯನ್ನು ತೆಗೆದುಹಾಕಿದ್ದ ನಾಯಿಗೆ ಆ ಗ್ರಂಥಿಯ ಸಾರವನ್ನು ಚುಚ್ಚಿದಾಗ ರಕ್ತದ ಸಕ್ಕರೆ ಇಳಿಯಿತು.

೧೯೨೨ರ ಜನವರಿ ೧೧ರಂದು ಹದಿನಾಲ್ಕು ವರ್ಷದ ಲಿಯೊನಾರ್ಡ್ ಥಾಂಪ್ಸನ್ ಎಂಬ ಬಾಲಕನಿಗೆ ಬ್ಯಾಂಟಿಂಗ್ ಮತ್ತು ಬೆಸ್ಟ್ ತಯಾರಿಸಿದ ಸಾರವನ್ನು ನೀಡಲಾಯಿತು. ಅದರಿಂದ ನಿರೀಕ್ಷಿತ ಫಲ ದೊರೆಯಲಿಲ್ಲ. ಜೀವರಸಾಯನ ತಜ್ಞ ಜೇಮ್ಸ್ ಕಾಲಿಪ್ ಶುದ್ಧೀಕರಿಸಿದ ಸಾರವನ್ನು ಜನವರಿ ೨೩ರಿಂದ ನೀಡಿದ ಮೇಲೆ ಬಾಲಕ ಚೇತರಿಸಿಕೊಂಡನು. ಇನ್ಸುಲಿನ್‌ನ ಹಕ್ಕುಸ್ವಾಮ್ಯವನ್ನು ಬ್ಯಾಂಟಿಂಗ್, ಬೆಸ್ಟ್ ಮತ್ತು ಕಾಲಿಪ್ ತಲಾ ಒಂದು ಡಾಲರಿಗೆ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದರು.

ನೊಬೆಲ್ ಪ್ರಶಸ್ತಿ

೧೯೨೩ರ ನೊಬೆಲ್ ಪ್ರಶಸ್ತಿ ಬ್ಯಾಂಟಿಂಗ್ ಮತ್ತು ಮೆಕ್ಲಿಯಾಡ್ ಅವರಿಗೆ ಸಂದಿತು. ಬೆಸ್ಟ್ ಹೆಸರು ಅದರಲ್ಲಿರಲಿಲ್ಲ. ಇದರಿಂದ ಅಸಮಾಧಾನಗೊಂಡ ಬ್ಯಾಂಟಿಂಗ್ ತಮ್ಮ ಪಾಲಿನ ಹಣದಲ್ಲಿ ಅರ್ಧವನ್ನು ಬೆಸ್ಟ್ ಅವರಿಗೆ ನೀಡಿದರು. ಮೆಕ್ಲಿಯಾಡ್ ತಮ್ಮ ಪಾಲನ್ನು ಕಾಲಿಪ್ ಅವರೊಂದಿಗೆ ಹಂಚಿಕೊಂಡರು. ಶೋಧನೆಯ ಶ್ರೇಯಸ್ಸು ಯಾರಿಗೆ ಎಷ್ಟು ಸಲ್ಲಬೇಕೆಂಬ ಚರ್ಚೆ ಮುಂದೆಯೂ ನಡೆಯಿತು.

ನಂತರದ ಜೀವನ

೧೯೨೪ರಲ್ಲಿ ಮಾರ್ಗರೆಟ್ ಮಹೋನ್ ಅವರನ್ನು ವಿವಾಹವಾದ ಬೆಸ್ಟ್, ೧೯೨೫ರಲ್ಲಿ ವೈದ್ಯಪದವಿ ಪಡೆದರು. ಲಂಡನ್ನಿನಲ್ಲಿ ಹೆನ್ರಿ ಡೇಲ್ ಅವರೊಡನೆ ಸಂಶೋಧನೆ ನಡೆಸಿ ಹಿಂದಿರುಗಿ, ೧೯೨೯ರಲ್ಲಿ ಮೆಕ್ಲಿಯಾಡ್ ಅವರ ಸ್ಥಾನದಲ್ಲಿ ಶರೀರಕ್ರಿಯಾ ವಿಜ್ಞಾನದ ಪ್ರಾಧ್ಯಾಪಕರಾದರು. ಯಕೃತ್ತಿನಲ್ಲಿ ಕೊಬ್ಬು ಶೇಖರವಾಗದಂತೆ ತಡೆಯುವ ಕೋಲೀನ್ ಕುರಿತು ಅವರು ಅಧ್ಯಯನ ಮಾಡಿದರು. ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಹೆಪಾರಿನ್ ಅನ್ನು ಚಿಕಿತ್ಸೆಗೆ ಒದಗಿಸುವ ಕಾರ್ಯಕ್ಕೆ ಅವರ ತಂಡ ನೆರವಾಯಿತು. ೧೯೪೧ರಲ್ಲಿ ಬ್ಯಾಂಟಿಂಗ್ ವಿಮಾನ ಅಪಘಾತದಲ್ಲಿ ಮೃತರಾದ ಬಳಿಕ, ಇಬ್ಬರ ಹೆಸರನ್ನೂ ಹೊತ್ತಿದ್ದ ವೈದ್ಯಕೀಯ ಸಂಶೋಧನಾ ವಿಭಾಗಕ್ಕೆ ಬೆಸ್ಟ್ ಮುಖ್ಯಸ್ಥರಾದರು. ೧೯೭೮ರಲ್ಲಿ ಟೊರಾಂಟೋದಲ್ಲಿ ನಿಧನರಾದರು.