ಖಾಲಿ ಜಾಗದ ಬೆಲೆ ತಿಳಿದಿದ್ದ ಮೇಷ್ಟ್ರು

ಮಕ್ಕಳೇ, ಕೆ.ಜಿ.ಎಫ್., ಬಂಗಾರಪೇಟೆಯ ಮೈದಾನಗಳಲ್ಲಿ ಚಿಕ್ಕವರು ಫುಟ್‌ಬಾಲ್ ಆಡುವುದನ್ನು ಗಮನಿಸಿದ್ದೀರಾ? ಬೆಲ್ಲಕ್ಕೆ ಇರುವೆ ಮುತ್ತಿದಂತೆ ಎಲ್ಲರೂ ಚೆಂಡಿನ ಸುತ್ತಲೇ ಇರುತ್ತಾರೆ. ಉಳಿದ ಮೈದಾನವೆಲ್ಲ ಖಾಲಿ! ದೊಡ್ಡ ಪಂದ್ಯಗಳ ಮೈದಾನ 105 ಮೀಟರ್ ಉದ್ದ, 68 ಮೀಟರ್ ಅಗಲ. ಅದನ್ನು 22 ಆಟಗಾರರಿಗೆ ಹಂಚಿದರೆ ಒಬ್ಬೊಬ್ಬರಿಗೆ ಸುಮಾರು 325 ಚದರ ಮೀಟರ್ ಬರುತ್ತದೆ. ಈ ಜಾಗವನ್ನು ಬಳಸುವ ಬಗೆಯನ್ನು ಭಾರತ ತಂಡಕ್ಕೆ ಕಲಿಸಿದವರು ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ.

ರಹೀಂ ಅವರು 1909ರ ಆಗಸ್ಟ್ 17ರಂದು ಜನಿಸಿದರು. ವೃತ್ತಿಯಲ್ಲಿ ಶಾಲಾ ಶಿಕ್ಷಕರು. ಅವರು ತರಬೇತಿ ನೀಡಿದ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ 5 ಬಾರಿ ರೋವರ್ಸ್ ಕಪ್ ಗೆದ್ದಿತು. 1951ರ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತಕ್ಕೆ ಚಿನ್ನವೂ ಬಂತು.

ಆದರೆ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೋಸ್ಲಾವಿಯ ನಮ್ಮನ್ನು 10–1ರಿಂದ ಸೋಲಿಸಿತು. ಆ ಒಂದು ಗೋಲು ಹೊಡೆದವರು ನಮ್ಮ ಬೆಂಗಳೂರಿನ ಅಹ್ಮದ್ ಖಾನ್. ಆಗ ನಮ್ಮವರಲ್ಲಿ ಹಲವರು ಬರಿಗಾಲಿನಲ್ಲಿ ಆಡುತ್ತಿದ್ದರು. ಚೆಂಡನ್ನು ಕಾಲಿನಲ್ಲೇ ಆಡಿಸುತ್ತ ಒಬ್ಬರೇ ನುಗ್ಗುವ ಡ್ರಿಬ್ಲಿಂಗ್‌ನಲ್ಲಿ ನಿಪುಣರು. ನೋಡಲು ಚಂದವೇ, ಆದರೆ ಎಷ್ಟೇ ಬಿರುಸಾಗಿ ಓಡುವವನಿಗಿಂತ ಒದ್ದ ಚೆಂಡು ವೇಗವಾಗಿ ಹೋಗುತ್ತದೆ. ಅದಕ್ಕೆ ದಣಿವೂ ಇಲ್ಲ! ರಹೀಂ ಅವರು ಡ್ರಿಬ್ಲಿಂಗ್ ಮಾಡದೆಯೇ ಆಡಬೇಕಾದ ಪಂದ್ಯಾವಳಿಗಳನ್ನು ಏರ್ಪಡಿಸಿದರು. ಚೆಂಡು ಬಂದ ಕೂಡಲೇ ಜೊತೆಗಾರನಿಗೆ ಕಳಿಸಬೇಕು. ಹಾಗಾದರೆ ಜೊತೆಗಾರ ಮೊದಲೇ ಖಾಲಿ ಜಾಗಕ್ಕೆ ಹೋಗಿ ನಿಂತಿರಬೇಕಲ್ಲವೇ?

ಅವರು ತಂದ ಇನ್ನೊಂದು ಉಪಾಯ ಜಾಣತನದ್ದು. ಮುಂಚೂಣಿಯ ನಡುವಿನ ಆಟಗಾರ ಎದುರಾಳಿ ಗೋಲಿನ ಬಳಿ ನಿಲ್ಲದೆ ತುಸು ಹಿಂದೆ ಸರಿಯುತ್ತಾನೆ. ಅವನನ್ನು ಕಾಯುವವನು ಹಿಂಬಾಲಿಸಿದರೆ ಗೋಲಿನ ಮುಂದೆ ಜಾಗ ತೆರವಾಗುತ್ತದೆ. ಹಿಂಬಾಲಿಸದಿದ್ದರೆ ಇವನನ್ನು ತಡೆಯುವವರೇ ಇಲ್ಲ. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ ಆಸ್ಟ್ರೇಲಿಯವನ್ನು 4–2ರಿಂದ ಮಣಿಸಿತು. ಒಲಿಂಪಿಕ್ಸ್ ಫುಟ್‌ಬಾಲ್ ಸೆಮಿಫೈನಲ್ ತಲುಪಿದ ಮೊದಲ ಏಷ್ಯಾ ದೇಶ ನಮ್ಮದು.

1962ರ ಜಕಾರ್ತ ಏಷ್ಯನ್ ಕ್ರೀಡಾಕೂಟಕ್ಕೆ ಹೊರಟಾಗ ರಹೀಂ ಅವರಿಗೆ ಕ್ಯಾನ್ಸರ್ ಇತ್ತು. ಅಲ್ಲಿ ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಾ ಎದುರು 0–2ರ ಸೋಲು. ಮುಂದೆ ಥಾಯ್ಲೆಂಡ್ ವಿರುದ್ಧ ಗೆದ್ದರೂ ರಕ್ಷಣೆಯ ಬೆನ್ನೆಲುಬಾಗಿದ್ದ ಜರ್ನೈಲ್ ಸಿಂಗ್ ಅವರ ತಲೆಗೆ ಪೆಟ್ಟಾಗಿ ಹೊಲಿಗೆ ಬಿತ್ತು. ಗಾಯಗೊಂಡವರನ್ನು ಹಿಂದೆ ನಿಲ್ಲಿಸಿದರೆ ಒಂದು ತಪ್ಪಿಗೂ ಗೋಲು ತೆರಬೇಕು. ರಹೀಂ ಅವರನ್ನು ಮುಂಚೂಣಿಗೆ ಕಳಿಸಿದರು! ಜರ್ನೈಲ್ ಸೆಮಿಫೈನಲ್‌ನಲ್ಲೂ ಫೈನಲ್‌ನಲ್ಲೂ ಗೋಲು ಹೊಡೆದರು. ಫೈನಲ್‌ನಲ್ಲಿ ಇನ್ನೊಂದು ಗೋಲು ಪಿ.ಕೆ. ಬ್ಯಾನರ್ಜಿ ಅವರದು. ಅದೇ ದಕ್ಷಿಣ ಕೊರಿಯಾವನ್ನು ಭಾರತ 2–1ರಿಂದ ಸೋಲಿಸಿತು. ಬೆಂಗಳೂರಿನ ಅರುಮೈನಾಯಗಂ ಕೂಡ ಆ ತಂಡದಲ್ಲಿದ್ದರು.

ಒಂಬತ್ತು ತಿಂಗಳ ನಂತರ, 1963ರ ಜೂನ್ 11ರಂದು ರಹೀಂ ತೀರಿಕೊಂಡರು. ಆಗ ಅವರ ವಯಸ್ಸು 53.